ತಿಂದಿದೆಯೋ, ಅಂಟಿದೆಯೋ? ಧ್ರುವದ ಕಡಲಿಗೆ ಹೊರಡುವ ಮುಂಚಿನ ಲೆಕ್ಕ

ಕಳೆದ ದೀಪಾವಳಿಯಲ್ಲಿ ಧಾರವಾಡದ ಸಪ್ತಾಪುರದ ನಮ್ಮ ಮನೆಯ ಊಟದ ಟೇಬಲ್ ಅರ್ಧ ಅಂಟಾರ್ಕ್ಟಿಕಾ ಆಗಿತ್ತು. ಒಂದು ಕಡೆ ಕರಚಿಕಾಯಿ, ಚಕ್ಕುಲಿ. ಇನ್ನೊಂದು ಕಡೆ ಲ್ಯಾಪ್‌ಟಾಪ್, ಗೀಚಿ ಗೀಚಿ ಕಪ್ಪಾದ ನಾಲ್ಕು ಹಾಳೆ. ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ಈಗ ಸಮುದ್ರ ಜೀವಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ದಕ್ಷಿಣ ಧ್ರುವದ ಕಡೆ ಹೋಗುವ ಹಡಗಿನಲ್ಲಿ ಜಾಗ ಕೇಳಿ ಅರ್ಜಿ ಬರೆಯುತ್ತಿದ್ದಳು. ಹಬ್ಬಕ್ಕೆಂದು ಊರಿಗೆ ಬಂದವಳು ಲೆಕ್ಕ ತೋರಿಸೋಕೆ ಮನೆಗೆ ಬಂದಿದ್ದಳು.

"ಸರ್, ಎಷ್ಟ್ ಹಿಂದಮುಂದ ಮಾಡಿದ್ರೂ ನೀರ ಸಾಲವಲ್ದ್ರಿ" ಅಂದಳು.

ಸುತ್ತ ಸಮುದ್ರ, ನಡುವೆ ಹಡಗು. ಅಲ್ಲಿ ನೀರು ಸಾಲುವುದಿಲ್ಲ ಅಂದ್ರೆ ಯಾರಿಗಾದರೂ ನಗು ಬರುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ನಲ್ಲಿ ನೀರಿಗೆ ದಿನ ಎಣಿಸಿ ಗೊತ್ತಿರುವ ನಮಗೂ ಅವತ್ತು ನಗು ಬಂತು. ಆದರೆ ಅವಳು ಹೇಳಿದ್ದು ಸರಿಯಿತ್ತು. ಯಾಕೆ ಅಂತ ಹೇಳಬೇಕಾದರೆ ಮೊದಲು ಅವಳು ಹುಡುಕಿಕೊಂಡು ಹೊರಟ ಜೀವಿ ಯಾವುದು ಅಂತ ಹೇಳಬೇಕು.

ಸಮುದ್ರದ ನೀರಿನಲ್ಲಿ ಕಣ್ಣಿಗೆ ಕಾಣದ ಒಂಟಿ ಕೋಶದ ಪಾಚಿಗಳು ತೇಲುತ್ತಿರುತ್ತವೆ. ಇವಕ್ಕೆ ಸಸ್ಯ ಪ್ಲವಕ ಅಂತಾರೆ. ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಇವುಗಳದ್ದೇ. ಶಾಲೆಯಲ್ಲಿ ನಾವು ಕಲಿತದ್ದು ಏನು? ಹಸಿರು ಇರುವುದು ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ, ಹಸಿರು ಇಲ್ಲದ್ದು ಇನ್ನೊಂದನ್ನು ಹಿಡಿದು ತಿನ್ನುತ್ತದೆ. ಗಿಡ ಒಂದು ಕಡೆ, ಪ್ರಾಣಿ ಇನ್ನೊಂದು ಕಡೆ. ನಾನೂ ಮೂವತ್ತು ವರ್ಷ ಹಾಗೇ ಪಾಠ ಮಾಡಿದೆ. ಕಪ್ಪು ಹಲಗೆಯ ಮೇಲೆ ಬಾಣದ ಗುರುತು ಹಾಕಿ, ಪಾಚಿಯಿಂದ ಸೀಗಡಿಗೆ, ಸೀಗಡಿಯಿಂದ ಮೀನಿಗೆ.

ಸಮುದ್ರದಲ್ಲಿ ಆ ಬಾಣ ಅಷ್ಟು ನೇರ ಇಲ್ಲ. ಎಷ್ಟೋ ಪಾಚಿಗಳು ಬಿಸಿಲಿನಲ್ಲಿ ಅಡುಗೆಯನ್ನೂ ಮಾಡುತ್ತವೆ, ಬ್ಯಾಕ್ಟೀರಿಯಾಗಳನ್ನು ಹಿಡಿದು ನುಂಗುವುದನ್ನೂ ಮಾಡುತ್ತವೆ. ಒಂದೇ ಕೋಶ, ಎರಡು ಕಸುಬು. ಇವನ್ನು ಮಿಕ್ಸೊಟ್ರೋಫ್ ಅಂತ ಕರೆಯುತ್ತಾರೆ.

ನಮ್ಮ ಕಡೆ ಇದನ್ನು ಅರ್ಥ ಮಾಡಿಸೋದು ಸುಲಭ. ನವಲಗುಂದದ ಕಡೆಯ ಎರೆಹೊಲದವರು ಎಷ್ಟೋ ಮಂದಿ ಹುಬ್ಬಳ್ಳಿಯಲ್ಲಿ ನೌಕರಿಯನ್ನೂ ಮಾಡುತ್ತಾರೆ. ಮಳೆ ಚಲೋ ಆದ ವರ್ಷ ಕಡಲೆ, ಜೋಳ ಕೈಹಿಡಿಯುತ್ತವೆ. ಮಳೆ ಕೈಕೊಟ್ಟರೆ ಪಗಾರ ಇದ್ದೇ ಇದೆ. ಹಾಗಂತ ಇದು ಪುಕ್ಕಟೆ ಸಿಗುವ ಸುಖ ಅಲ್ಲ. ಎತ್ತಿಗೆ ಮೇವೂ ಬೇಕು, ಬಸ್ ಪಾಸೂ ಬೇಕು. ಎರಡನ್ನೂ ಸಾಕಬೇಕು. ಪಾಚಿಯದ್ದೂ ಇದೇ ಕಥೆ. ಹಸಿರು ಕಣಗಳನ್ನು ಇಟ್ಟುಕೊಳ್ಳೋಕೆ ಖರ್ಚು, ನುಂಗಿ ಅರಗಿಸಿಕೊಳ್ಳುವ ವ್ಯವಸ್ಥೆಗೂ ಖರ್ಚು. ಅದಕ್ಕೇ ಬರೀ ಬಿಸಿಲನ್ನೇ ನಂಬಿದ ಪಾಚಿ ಒಳ್ಳೇ ಬಿಸಿಲಿನಲ್ಲಿ ಇವುಗಳಿಗಿಂತ ಬೇಗ ಬೆಳೆಯಬಲ್ಲದು. ಬರಗಾಲದಲ್ಲಿ ಮಾತ್ರ ಇವುಗಳ ಆಟ ಬೇರೆ.

ಕೆಲಗೇರಿ ಕೆರೆಯ ಹಸಿರು ನೀರನ್ನು ಒಂದು ಹನಿ ತಂದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಎಷ್ಟೋ ಸಲ ಯೂಗ್ಲೀನಾ ಸಿಗುತ್ತದೆ. ಉದ್ದನೆಯ ಹಸಿರು ಮೈ, ಒಂದು ಕೆಂಪು ಕಣ್ಣುಚುಕ್ಕೆ, ಬಾಲದಂಥ ಎಳೆ. ಅದನ್ನು ಕತ್ತಲೆಯಲ್ಲಿಟ್ಟು ಪೋಷಕಾಂಶದ ನೀರು ಕೊಟ್ಟರೆ ಹಸಿರು ಕಳೆದುಕೊಂಡು ಬಿಳಚಿಕೊಂಡು ಬದುಕುತ್ತದೆ. ಆದರೆ ಅದು ನೀರಿನಲ್ಲಿ ಕರಗಿದ್ದನ್ನು ಹೀರುತ್ತದೆ ಅಷ್ಟೇ. ನಮ್ಮ ಹುಡುಗಿ ಹುಡುಕುತ್ತಿರುವುದು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದವು. ಬೇಟೆಯನ್ನು ಇಡಿಯಾಗಿ ಒಳಗೆ ತೆಗೆದುಕೊಳ್ಳುವಂಥವು. ಇನ್ನೂ ಒಂದು ಜಾತಿ ಇದೆ, ಅದು ಪಕ್ಕಾ ಕಳ್ಳ. ಮೀಸೋಡಿನಿಯಂ ರುಬ್ರಮ್ ಅನ್ನುವ ಜೀವಿ ಬೇರೆ ಪಾಚಿಯನ್ನು ತಿಂದು, ಅದರ ಹಸಿರು ಕಣಗಳನ್ನು ಮಾತ್ರ ಅರಗಿಸದೆ ಉಳಿಸಿಕೊಂಡು, ಅವುಗಳಿಂದ ತನ್ನ ಅಡುಗೆ ಮಾಡಿಸಿಕೊಳ್ಳುತ್ತದೆ. ಅಂಟಾರ್ಕ್ಟಿಕಾದ ರಾಸ್ ಸಮುದ್ರದಲ್ಲಿ ಇದೇ ಕಸುಬಿನ ಇನ್ನೊಂದು ಜೀವಿ ಇದೆ. ಕದ್ದ ಮಾಲನ್ನು ತಿಂಗಳುಗಟ್ಟಲೆ ಕೆಡದಂತೆ ಇಟ್ಟುಕೊಳ್ಳುತ್ತದೆ.

ಇದನ್ನು ನೋಡೋಕೆ ಧ್ರುವಕ್ಕೇ ಯಾಕೆ ಹೋಗಬೇಕು? ಬೇರೆ ಕಡಲಲ್ಲೂ ಇವೆಯಲ್ಲ? ಇವೆ. 2008ರಲ್ಲಿ ಜುಬ್ಕೋವ್ ಮತ್ತು ಟ್ಯಾರನ್ ಅನ್ನುವವರು ಉತ್ತರ ಅಟ್ಲಾಂಟಿಕ್‌ನಲ್ಲಿ ಅಳೆದು ನೋಡಿದರು. ಬೇಸಿಗೆಯಲ್ಲಿ, ಬೆಳಕು ತಲುಪುವ ಮೇಲ್ಪದರದಲ್ಲಿ, ತಿನ್ನಲ್ಪಟ್ಟ ಬ್ಯಾಕ್ಟೀರಿಯಾಗಳಲ್ಲಿ 40ರಿಂದ 95 ಪರ್ಸೆಂಟ್ ಈ ಪುಟಾಣಿ ಪಾಚಿಗಳ ಹೊಟ್ಟೆಗೇ ಹೋಗುತ್ತಿತ್ತು. ಗಿಡ ಅಂತ ನಾವು ಅಂದುಕೊಂಡಿದ್ದೇ ದೊಡ್ಡ ತಿಂಡಿಪೋತ ಆಗಿತ್ತು.

ಆದರೆ ಧ್ರುವದಲ್ಲಿ ಪ್ರಶ್ನೆ ಇನ್ನೂ ಗಟ್ಟಿ. ಅಲ್ಲಿ ಚಳಿಗಾಲದಲ್ಲಿ ಸೂರ್ಯ ಹುಟ್ಟದ ದಿನಗಳಿವೆ. ಒಳಕ್ಕೆ ಹೋದಷ್ಟೂ ಅದು ವಾರ, ತಿಂಗಳು ಅಂತ ಬೆಳೆಯುತ್ತದೆ. ಬಿಸಿಲನ್ನೇ ನಂಬಿದ ಜೀವಿ ಅಷ್ಟು ದಿನ ಹೇಗೆ ಉಸಿರು ಹಿಡಿದಿರುತ್ತದೆ? ಕೆಲವು ಪಾಚಿಗಳು ಬೀಜದಂತೆ ಮುದುಡಿ ಮಲಗುತ್ತವೆ. ಕೆಲವು ಮೈಯಲ್ಲಿರುವ ಕೊಬ್ಬು ಕರಗಿಸುತ್ತವೆ. ಕೆಲವು ತಿಂದು ಬದುಕುತ್ತಿರಬಹುದು. ಇದು ಒಂದು. ಇನ್ನೊಂದು ಸಂಗತಿ ಕಬ್ಬಿಣ. ದಕ್ಷಿಣ ಸಾಗರದಲ್ಲಿ ನೈಟ್ರೇಟ್ ಬೇಕಾದಷ್ಟಿದೆ, ಕಬ್ಬಿಣ ಮಾತ್ರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಬ್ಬಿಣ ಇಲ್ಲದೆ ದ್ಯುತಿಸಂಶ್ಲೇಷಣೆ ಕುಂಟುತ್ತದೆ. ಬ್ಯಾಕ್ಟೀರಿಯಾದ ಮೈಯಲ್ಲಿ ಒಂದಿಷ್ಟು ಕಬ್ಬಿಣ ಇರುತ್ತದೆ. ಅಂದರೆ ಈ ಪಾಚಿ ಹಸಿವಿಗಾಗಿ ತಿನ್ನುತ್ತಿದೆಯೋ, ಕಬ್ಬಿಣದ ಗುಳಿಗೆ ಅಂತ ತಿನ್ನುತ್ತಿದೆಯೋ? ಎರಡರ ಉತ್ತರ ಬೇರೆ ಬೇರೆ ಆದರೆ, ಸಮುದ್ರ ಎಷ್ಟು ಇಂಗಾಲ ಹೀರುತ್ತದೆ ಅನ್ನುವ ಲೆಕ್ಕವೂ ಬೇರೆ ಆಗುತ್ತದೆ.

ಈಗ ಯಾತ್ರೆಯ ಯೋಜನೆಗೆ ಬರೋಣ. ಬಹಳ ಜನ ಹಡಗು, ಹಿಮ, ಪೆಂಗ್ವಿನ್‌ನಿಂದ ಶುರು ಮಾಡುತ್ತಾರೆ. ನಿಜವಾಗಿ ಯೋಜನೆ ಶುರುವಾಗುವುದು ಒಂದು ಚುಕ್ಕೆಯಿಂದ.

ಪಾಚಿ ತಿಂದಿದೆ ಅಂತ ಸಾಬೀತು ಮಾಡುವುದು ಹೇಗೆ? ಒಂದು ದಾರಿ ಇದು. ಅರ್ಧ ಮೈಕ್ರಾನ್ ಗಾತ್ರದ ಹೊಳೆಯುವ ಪ್ಲಾಸ್ಟಿಕ್ ಮಣಿಗಳು ಸಿಗುತ್ತವೆ. ನಮ್ಮ ಕೂದಲಿನ ದಪ್ಪದಲ್ಲಿ ನೂರನೇ ಒಂದು ಪಾಲಿಗಿಂತ ಚಿಕ್ಕವು. ಬ್ಯಾಕ್ಟೀರಿಯಾದ ಅಳತೆಯವು. ಮಣಿಯ ಬದಲು ಹೊಳೆಯುವ ಬಣ್ಣ ಹಾಕಿದ ಬ್ಯಾಕ್ಟೀರಿಯಾಗಳನ್ನೂ ಬಳಸಬಹುದು. ಇವನ್ನು ಸಮುದ್ರದ ನೀರಿಗೆ ಅಳತೆ ಮಾಡಿ ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು, ರಾಸಾಯನಿಕ ಹಾಕಿ ಎಲ್ಲವನ್ನೂ ಅಲ್ಲಿಗೇ ನಿಲ್ಲಿಸಿ, ಕಪ್ಪು ಫಿಲ್ಟರ್ ಮೇಲೆ ಸೋಸುತ್ತಾರೆ. ಆಮೇಲೆ ಕತ್ತಲೆ ಕೋಣೆಯಲ್ಲಿ ನೀಲಿ ಬೆಳಕು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆ ಬೆಳಕಿನಲ್ಲಿ ಪಾಚಿಯ ಕ್ಲೋರೋಫಿಲ್ ಕೆಂಡದಂತೆ ಕೆಂಪಗೆ ಹೊಳೆಯುತ್ತದೆ. ಮಣಿ ಹಳದಿ-ಹಸಿರಾಗಿ ಕಾಣುತ್ತದೆ. ಕೆಂಪಿನ ಒಳಗೆ ಹಳದಿ ಚುಕ್ಕೆ ಕಂಡರೆ ಸಿಕ್ಕಿತು. ಅಡುಗೆಯನ್ನೂ ಮಾಡಿಕೊಳ್ಳುವ, ಊಟವನ್ನೂ ಹೊಡೆಯುವ ಆಸಾಮಿ.

ಸಿಕ್ಕಿತು ಅಂತ ಕುಣಿಯುವಂತಿಲ್ಲ. ಆ ಚುಕ್ಕೆ ಒಳಗಿದೆಯೋ, ಹೊರಗಿನಿಂದ ಮೈಗೆ ಅಂಟಿಕೊಂಡಿದೆಯೋ? ಫಿಲ್ಟರ್ ಮೇಲೆ ಬಿದ್ದಾಗ ಆಕಸ್ಮಾತ್ ಪಕ್ಕದಲ್ಲಿ ಕೂತಿದೆಯೋ? ಮೇಲಿನಿಂದ ನೋಡಿದರೆ ಮೂರೂ ಒಂದೇ ಥರ. ಜಾತ್ರೆಯಲ್ಲಿ ಮಿರ್ಚಿ ಭಜಿ ಅಂಗಡಿ ಮುಂದೆ ನಿಂತವರೆಲ್ಲ ಭಜಿ ತಿಂದವರೇ ಅನ್ನೋಕಾಗುತ್ತಾ?

ನನ್ನ ಪ್ರಕಾರ ಇಡೀ ಯಾತ್ರೆಯ ಹಣ, ಸಮಯ, ಬಾಟಲಿ ಎಲ್ಲವೂ ಈ ಒಂದು ಅನುಮಾನವನ್ನು ಕಳೆದುಕೊಳ್ಳೋಕೇ ಖರ್ಚಾಗುತ್ತದೆ. ಅದಕ್ಕೇ ಮಣಿ ಬೆರೆಸಿದ ಮರುಗಳಿಗೆಯಲ್ಲೇ ಒಂದಿಷ್ಟು ನೀರು ತೆಗೆದು ಎಣಿಸಬೇಕು. ಆಗ ಯಾರಿಗೂ ನುಂಗಲು ಹೊತ್ತೇ ಸಿಕ್ಕಿರುವುದಿಲ್ಲ. ಆಗಲೂ ಕೆಂಪಿನ ಮೇಲೆ ಹಳದಿ ಕಂಡರೆ ಅದು ಅಂಟಿದ ಲೆಕ್ಕ. ಕೊನೆಯ ಎಣಿಕೆಯಿಂದ ಅದನ್ನು ಕಳೆಯಬೇಕು. ಕೆಲವು ಕೋಶಗಳು ರಾಸಾಯನಿಕ ಬಿದ್ದ ಕೂಡಲೇ ಗಾಬರಿಯಾಗಿ ತಿಂದದ್ದನ್ನು ಉಗುಳಿಬಿಡುತ್ತವೆ. ಆದ್ದರಿಂದ ಯಾವ ರಾಸಾಯನಿಕ, ಎಷ್ಟು ತಣ್ಣಗೆ ಅನ್ನುವುದನ್ನು ಊರಲ್ಲೇ ಪರೀಕ್ಷೆ ಮಾಡಿ ಹೋಗಬೇಕು. ಪ್ಲಾಸ್ಟಿಕ್ ಮಣಿ ರುಚಿಸದೆ ಬಿಡುವ ಜಾತಿಗಳೂ ಇವೆ. ಅದಕ್ಕೆ ಬಣ್ಣದ ಬ್ಯಾಕ್ಟೀರಿಯಾವನ್ನೂ ಒಯ್ಯಬೇಕು. ತಿನ್ನುವವರ ಸಂಖ್ಯೆಯೂ ಕಡಿಮೆ. ನೂರರಲ್ಲಿ ಐದು ಕೋಶ ತಿಂದಿವೆ ಅಂದುಕೊಳ್ಳಿ. ಇಪ್ಪತ್ತೇ ಕೋಶ ನೋಡಿ ಎದ್ದರೆ ಒಂದು ಸಿಗಬಹುದು, ಸಿಗದೆಯೂ ಹೋಗಬಹುದು. ನೂರಾರು ಎಣಿಸಲೇಬೇಕು. ಕತ್ತಲೆಯಲ್ಲಿ ಕೂತು ಒಂದು ಫಿಲ್ಟರ್‌ಗೆ ತಾಸುಗಟ್ಟಲೆ. ಯಾತ್ರೆ ಮುಗಿದ ಮೇಲೆ ಎಣಿಕೆ ವರ್ಷ ಎಳೆದರೂ ಆಶ್ಚರ್ಯ ಇಲ್ಲ.

ಮಣಿಯ ಸಾಕ್ಷಿ ಒಂದೇ ಸಾಲದು ಅಂತ ಈಗ ಡಿಎನ್ಎಯನ್ನೂ ಓದುತ್ತಾರೆ. ತಿಂದವನು ಯಾರು ಅನ್ನೋದು ಚುಕ್ಕೆಯಿಂದ ಗೊತ್ತಾಗಲ್ಲ, ಎಲ್ಲ ಪುಟಾಣಿಗಳೂ ಒಂದೇ ಥರ ದುಂಡಗೆ ಕಾಣುತ್ತವೆ. ಅದರ ಹೆಸರು ಹೇಳುವುದು ಡಿಎನ್ಎ. ಅದಕ್ಕೆ ಬೇರೆ ನೀರು, ಬೇರೆ ಫಿಲ್ಟರ್, ಬೇರೆ ಫ್ರೀಜರ್.

ಇನ್ನು ಯಾವ ತಿಂಗಳು? ಅಂಟಾರ್ಕ್ಟಿಕಾದ ಸುತ್ತ ಸೆಪ್ಟೆಂಬರ್ ಹೊತ್ತಿಗೆ ಸುಮಾರು 180 ಲಕ್ಷ ಚದರ ಕಿಲೋಮೀಟರ್ ಸಮುದ್ರ ಹೆಪ್ಪುಗಟ್ಟಿರುತ್ತದೆ. ಭಾರತದಂಥ ಐದು ದೇಶ ಹಾಸಬಹುದು. ಫೆಬ್ರವರಿಗೆ ಅದು 20ರಿಂದ 30 ಲಕ್ಷದ ಆಸುಪಾಸಿಗೆ ಇಳಿಯುತ್ತದೆ. ಹಡಗಿಗೆ ಸುಲಭ ಅಂದರೆ ಅಲ್ಲಿನ ಬೇಸಿಗೆ, ಡಿಸೆಂಬರ್‌ನಿಂದ ಫೆಬ್ರವರಿ. ಆದರೆ ಆಗ ಹಗಲು ಬಹಳ ಉದ್ದ, ಒಳಕ್ಕೆ ಹೋದರೆ ಸೂರ್ಯ ಮುಳುಗುವುದೇ ಇಲ್ಲದ ದಿನಗಳೂ ಇವೆ. ಬಿಸಿಲು ಬೇಕಾದಷ್ಟು ಇರುವಾಗ ಯಾರು ತಿಂದರು ಅಂತ ನೋಡುವುದು ಸುಗ್ಗಿಯಲ್ಲಿ ಬರಗಾಲದ ಸಮೀಕ್ಷೆಗೆ ಹೋದಂತೆ. ಕತ್ತಲೆಯಲ್ಲಿ ಹೋಗಬೇಕೆಂದರೆ ಐಸ್ ಒಡೆಯುವ ಭಾರೀ ಹಡಗು ಬೇಕು. ಅದು ಎಲ್ಲರಿಗೂ ಸಿಗುವುದಿಲ್ಲ. ಹಾಗಾಗಿ ಬಹುಪಾಲು ಜನ ನಡುವಿನ ದಾರಿ ಹಿಡಿಯುತ್ತಾರೆ. ಬೇಸಿಗೆಯಲ್ಲೇ ಹೋಗಿ, ಬಾಟಲಿಗಳಿಗೆ ಕತ್ತಲೆಯನ್ನು ತಾವೇ ಕಟ್ಟುತ್ತಾರೆ. ಮೂರು ಬಾಟಲಿ ಬೆಳಕಿಗೆ, ಮೂರು ಪೂರ್ತಿ ಕತ್ತಲೆಗೆ. ಸಾಧ್ಯವಾದರೆ ಇನ್ನೊಂದಿಷ್ಟಕ್ಕೆ ಪೋಷಕಾಂಶ ಹಾಕಿ ನೋಡುತ್ತಾರೆ.

ಇದು ಯಾಕೆ ಬೇಕು ಅಂದರೆ ಎಲ್ಲ ಮಿಕ್ಸೊಟ್ರೋಫ್‌ಗಳೂ ಒಂದೇ ಕಾರಣಕ್ಕೆ ತಿನ್ನುವುದಿಲ್ಲ. 2015ರಲ್ಲಿ ಅಂಟಾರ್ಕ್ಟಿಕಾದ ಮೂರು ಜಾತಿಗಳನ್ನು ಪ್ರಯೋಗಾಲಯದಲ್ಲಿ ಸಾಕಿ ನೋಡಿದ ಫಲಿತಾಂಶ ಬಂತು. ಪಿರಾಮಿಮೊನಾಸ್, ಮ್ಯಾಂಟೋನಿಯೆಲ್ಲಾ, ಜೆಮಿನಿಜೆರಾ. ಬೆಳಕನ್ನೂ ಪೋಷಕಾಂಶವನ್ನೂ ಬದಲಿಸಿದಾಗ ಮೂರೂ ಒಂದೇ ಥರ ನಡೆದುಕೊಳ್ಳಲಿಲ್ಲ. ಒಂದೇ ಓಣಿಯ ಮೂರು ಮನೆ, ಮೂರು ಸಂಸಾರ.

ದಿನಗಳ ಲೆಕ್ಕವನ್ನು ನಾವು ಹೀಗೆ ಹಾಕಿದೆವು. ಹಡಗು ಒಟ್ಟು 36 ದಿನಕ್ಕೆ ಸಿಗುತ್ತದೆ ಅಂತಿಟ್ಟುಕೊಳ್ಳಿ. ಹೊರಡುವುದು ಕೇಪ್‌ಟೌನ್‌ನಿಂದ. ಅದು 34 ಡಿಗ್ರಿ ದಕ್ಷಿಣದಲ್ಲಿದೆ. ಹೋಗಬೇಕಾದದ್ದು 65 ಡಿಗ್ರಿಗೆ. ನಡುವೆ 31 ಡಿಗ್ರಿ. ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ, ಅಂದರೆ 1,860 ಮೈಲಿ. ಹಡಗು ತಾಸಿಗೆ 11 ಮೈಲಿ ಹೋದರೆ ಏಳು ದಿನ. ಬರಲು ಮತ್ತೆ ಏಳು. ಅಲ್ಲಿಗೆ ಹದಿನಾಲ್ಕು ಹೋಯಿತು. ಸಾಮಾನು ಕಟ್ಟಲು, ಬಿಚ್ಚಲು ಎರಡು. ಬಿರುಗಾಳಿಗೆ ಅಂತ ನಾಲ್ಕು ತೆಗೆದಿಡಬೇಕು. 40 ಡಿಗ್ರಿ ದಾಟಿದ ಮೇಲೆ ಗಾಳಿಗೆ ಅಡ್ಡ ಬರುವ ನೆಲವೇ ಹೆಚ್ಚುಕಡಿಮೆ ಇಲ್ಲ, ಅಲೆ ಬೆಟ್ಟದಂತೆ ಬರುತ್ತದೆ. ಉಳಿದದ್ದು 16 ದಿನ. ಅದರಲ್ಲೂ ಹಡಗು ಒಬ್ಬರದ್ದಲ್ಲ. ಹವಾಮಾನದವರು, ತಿಮಿಂಗಿಲ ಎಣಿಸುವವರು, ಸಮುದ್ರತಳದ ಮಣ್ಣು ಅಗೆಯುವವರು ಎಲ್ಲರೂ ಇರುತ್ತಾರೆ. ಐಸ್ ಗಟ್ಟಿಯಾಗಿದ್ದರೆ ತಾಸಿಗೆ 11 ಅಂದುಕೊಂಡದ್ದು ಮೂರಕ್ಕೆ ಇಳಿಯುತ್ತದೆ. ಕಡೆಗೆ ಅವಳ ಪಾಲಿಗೆ ಪೂರ್ತಿ ಪ್ರಯೋಗ ಮಾಡುವಂಥ ನಿಲುಗಡೆ ಆರು ಸಿಕ್ಕರೆ ಪುಣ್ಯ.

ಹಡಗಿನ ಗಾತ್ರದ ಬಗ್ಗೆ ಒಂದು ಮಾತು. ಜರ್ಮನಿಯ ಪೋಲಾರ್‌ಸ್ಟರ್ನ್ 1982ರಿಂದ ಧ್ರುವ ಸಂಶೋಧನೆಯಲ್ಲಿ ಹೆಸರು ಮಾಡಿರುವ ಹಡಗು. ಉದ್ದ 118 ಮೀಟರ್. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮ್ ಪಕ್ಕ ಅಂಥ ಹನ್ನೆರಡು ಹಡಗು ಸಾಲಾಗಿ ನಿಲ್ಲಿಸಿದರೂ ಜಾಗ ಉಳಿಯುತ್ತದೆ. ಅಷ್ಟರಲ್ಲೇ ಸುಮಾರು ಐವತ್ತು ವಿಜ್ಞಾನಿಗಳು, ಸಿಬ್ಬಂದಿ, ಅಡುಗೆಮನೆ, ಪ್ರಯೋಗಾಲಯ, ಹೆಲಿಕಾಪ್ಟರ್. ಒಬ್ಬ ಹೆಚ್ಚಿನ ಸಹಾಯಕನಿಗೆ ಮಂಚ ಕೇಳುವುದು ಅಂದರೆ ಹಬ್ಬದ ವಾರ ಬೆಂಗಳೂರು ರೈಲಿನಲ್ಲಿ ಬರ್ತ್ ಕೇಳಿದಂತೆ.

ಭಾರತಕ್ಕೆ ಇನ್ನೂ ಸ್ವಂತದ್ದು ಅನ್ನುವ ಧ್ರುವ ಸಂಶೋಧನಾ ಹಡಗು ಇಲ್ಲ, ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. 1981ರ ಡಿಸೆಂಬರ್ 6ರಂದು ಡಾ. ಎಸ್.ಝಡ್. ಖಾಸಿಂ ಅವರ ತಂಡ ಗೋವಾದಿಂದ ಮೊದಲ ಸಲ ಹೊರಟಾಗಲೂ ಪೋಲಾರ್ ಸರ್ಕಲ್ ಅನ್ನುವ ನಾರ್ವೆಯ ಬಾಡಿಗೆ ಹಡಗೇ. ಈಗ ಕೋಲ್ಕತ್ತದಲ್ಲಿ ಒಂದನ್ನು ಕಟ್ಟಲು 2025ರಲ್ಲಿ ನಾರ್ವೆಯ ಕಂಪನಿಯ ಜೊತೆ ಒಪ್ಪಂದ ಆಗಿದೆ. ಈ ಕೆಲಸಗಳ ಮುಖ್ಯ ಕಚೇರಿ, ಅಂದರೆ ಧ್ರುವ ಮತ್ತು ಸಾಗರ ಸಂಶೋಧನೆಯ ರಾಷ್ಟ್ರೀಯ ಕೇಂದ್ರ, ಗೋವಾದ ವಾಸ್ಕೊದಲ್ಲಿದೆ. ಹುಬ್ಬಳ್ಳಿಯಲ್ಲಿ ರೈಲು ಹತ್ತಿದರೆ ಲೋಂಡಾ, ಕ್ಯಾಸಲ್‌ರಾಕ್, ದೂಧ್‌ಸಾಗರ ನೋಡಿಕೊಂಡು ಇಳಿಯಬಹುದು. ಅಷ್ಟು ಹತ್ತಿರ. ಧಾರವಾಡದ ಹುಡುಗರಿಗೆ ಸಮುದ್ರ ಶಾಸ್ತ್ರ ದೂರದ್ದು ಅನ್ನಿಸುವುದಕ್ಕೆ ಕಾರಣವೇ ಇಲ್ಲ. ನಮ್ಮ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಊರಲ್ಲಿ ಸಮುದ್ರ ಇಲ್ಲದಿದ್ದರೂ ಸಮುದ್ರ ಜೀವಶಾಸ್ತ್ರದ ವಿಭಾಗ ಇದೆ, ಕಾರವಾರದ ಕೋಡಿಬಾಗದಲ್ಲಿ. ನಾನು ಓದಿದ್ದೂ ಅಲ್ಲೇ.

ಸರಿ, ನೀರಿಗೆ ಬರೋಣ. ಸಮುದ್ರದಿಂದ ನೀರು ತೆಗೆಯುವುದು ಬಕೆಟ್ ಇಳಿಬಿಟ್ಟು ಅಲ್ಲ. ಸಿಟಿಡಿ ಅನ್ನುವ ಸಲಕರಣೆ ಇದೆ. ಉಪ್ಪು, ಉಷ್ಣತೆ, ಆಳ ಅಳೆಯುತ್ತ ಇಳಿಯುತ್ತದೆ. ಅದರ ಸುತ್ತ ಚಕ್ಕಡಿ ಗಾಲಿಯ ಹಾಗೆ 24 ಉದ್ದನೆಯ ಬಾಟಲಿಗಳು ನಿಂತಿರುತ್ತವೆ. ಎರಡೂ ಬಾಯಿ ತೆರೆದುಕೊಂಡು ಇಳಿಯುತ್ತವೆ. ಬೇಕಾದ ಆಳದಲ್ಲಿ ಮೇಲಿನಿಂದ ಗುಂಡಿ ಒತ್ತಿದರೆ ಮುಚ್ಚಿಕೊಳ್ಳುತ್ತವೆ. ಸಾವಿರ ಮೀಟರ್ ಇಳಿದು ಹತ್ತಿ ಬರೋಕೆ ಒಂದು ತಾಸು ಬೇಕು. ಹಡಗು ಆ ಹೊತ್ತು ನಿಂತಲ್ಲೇ ನಿಲ್ಲಬೇಕು, ಮತ್ತು ಆ ತಾಸು ಬೇರೆ ಯಾರದೋ ಪಾಲಿನಿಂದ ಕಡಿದದ್ದು.

ಬಾಟಲಿಗೆ 10 ಲೀಟರ್, ಒಟ್ಟು 240. ಆರು ಆಳಕ್ಕೆ ಹಂಚಿದರೆ ಒಂದು ಆಳಕ್ಕೆ 40 ಲೀಟರ್. ಅವಳ ಹಾಳೆಯಲ್ಲಿ ಹೀಗಿತ್ತು: ಬೆಳಕಿಗೆ ಮೂರು, ಕತ್ತಲೆಗೆ ಮೂರು, ತಾಳೆ ನೋಡಲು ಮೂರು ಬಾಟಲಿ. ಒಂದೊಂದಕ್ಕೆ 2 ಲೀಟರ್‌ನಂತೆ 18. ಡಿಎನ್ಎಗೆ ನಾಲ್ಕು ಲೀಟರಿನ ಮೂರು, ಅಂದರೆ 12. ಕ್ಲೋರೋಫಿಲ್, ಪೋಷಕಾಂಶ, ಬ್ಯಾಕ್ಟೀರಿಯಾ ಎಣಿಕೆ ಎಲ್ಲ ಸೇರಿ 3. ಒಟ್ಟು 33. ಹಾಳೆಯ ಪ್ರಕಾರ ಏಳು ಲೀಟರ್ ಉಳಿತಾಯ! ತುಂಬಿ ನೋಡಿದರೆ ಮಾತ್ರ ಸಾಲುತ್ತಿರಲಿಲ್ಲ. ಅದನ್ನು ಇನ್ನೊಂದು ಗುಂಪಿನವರಿಗೆ ಕೊಡುತ್ತೇನೆ ಅಂತ ಮಾತೂ ಕೊಟ್ಟಿದ್ದಳಂತೆ.

ನಮ್ಮ ಮನೆಯಾಕೆ ಚಹಾ ತಂದಿಟ್ಟು ಹಾಳೆ ಕಡೆ ಬಗ್ಗಿ ನೋಡಿದಳು. "ಅಲ್ಲವ್ವಾ, ಬಾಟ್ಲಿ ಗಲಬರಸಾಕ ನೀರ ಎಲ್ಲೈತಿ ಇದ್ರಾಗ? ನಾವು ಕೊಡ ತುಂಬೂ ಮುಂದ ಮೊದಲ ಗಲಬರಸ್ತೀವಲ್ಲ?"

ಹುಡುಗಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಪ್ರತಿ ಬಾಟಲಿಯನ್ನೂ ತುಂಬುವ ಮುಂಚೆ ಅದೇ ನೀರಿನಿಂದ ಮೂರು ಸಲ ಗಲಬರಿಸಬೇಕು. ಬೇರೆ ನೀರು ಬಳಸುವಂತಿಲ್ಲ. ಒಂಬತ್ತು ಬಾಟಲಿ, ಮೂರು ಸಲ, ಸಲಕ್ಕೆ 200 ಮಿಲಿಲೀಟರ್. ಅದೇ ಐದೂವರೆ ಲೀಟರ್ ಹತ್ತಿರ. ಡಿಎನ್ಎ ಬಾಟಲಿ ದೊಡ್ಡವು, ಅವಕ್ಕೆ ಮೂರೂವರೆ ಮೀರುತ್ತದೆ. ಎರಡೂ ಸೇರಿ 9. ಮೂವತ್ಮೂರಕ್ಕೆ ಒಂಬತ್ತು, 42. ಇರುವುದು 40. ಎರಡು ಲೀಟರ್ ಸಾಲ. ಅದಕ್ಕೂ ಮುಂಚೆ ಅವಳು ಬೇರೆಯವರಿಗೆ ಹಂಚಿದ್ದು ಏಳು. ಅವಳಿಗೆ ಎಷ್ಟು ಹಿಂದೆಮುಂದೆ ಮಾಡಿದರೂ ಸಾಲದಿದ್ದುದು ಇದರಿಂದಲೇ, ಎಲ್ಲಿ ಸೋರುತ್ತಿದೆ ಅಂತ ಮಾತ್ರ ಕಂಡಿರಲಿಲ್ಲ. ಅಧ್ಯಾಪಕನಾದ ನನಗೂ ಕಂಡಿರಲಿಲ್ಲ. ನೀರು ಬಿಡೋ ದಿನ ಮನೆ ನಡೆಸಿದವರಿಗೆ ಒಂದೇ ನೋಟಕ್ಕೆ ಕಂಡಿತು.

ದಾರಿ ಎರಡು. ಸಿಟಿಡಿಯನ್ನು ಇನ್ನೊಂದು ಸಲ ಇಳಿಸಬೇಕು, ಅಂದರೆ ಇನ್ನೊಂದು ತಾಸು ಬೇಡಬೇಕು. ಇಲ್ಲವೇ ಆಳಗಳನ್ನು ಕಡಿಮೆ ಮಾಡಬೇಕು. ನಾನು ಆಳ ಕಡಿಮೆ ಮಾಡು ಅಂದೆ. ಆರು ಆಳದಲ್ಲಿ ಅರೆಬರೆ ನೋಡುವುದಕ್ಕಿಂತ ನಾಲ್ಕರಲ್ಲಿ ಗಟ್ಟಿಯಾಗಿ ನೋಡಿದರೆ ಸಾಕು. ಹಾಗೆ ಮಾಡಿದರೆ ಆಳಕ್ಕೆ ಆರು ಬಾಟಲಿ, 60 ಲೀಟರ್ ಬರುತ್ತದೆ. ಕೊಟ್ಟ ಮಾತೂ ಉಳಿಯುತ್ತದೆ. ಕಬ್ಬಿಣದ ಗುಂಪಿನವರ ತಕರಾರು ಬೇರೆಯೇ. ಹಡಗೇ ಕಬ್ಬಿಣ, ತಂತಿಯೂ ಕಬ್ಬಿಣ. ಅವರು ಅಳೆಯುವ ಕಬ್ಬಿಣ ಎಷ್ಟು ಕಡಿಮೆ ಅಂದರೆ ಈ ಬಾಟಲಿ ಮುಟ್ಟಿದ ನೀರನ್ನೇ ಒಲ್ಲೆ ಅನ್ನುತ್ತಾರೆ. ಅವರದು ಬೇರೆ ಹಗ್ಗ, ಬೇರೆ ಬಾಟಲಿ, ಬೇರೆ ಕೋಣೆ. ಒಂಥರಾ ಮಡಿ.

ನೀರು ಮೇಲೆ ಬಂದ ಮೇಲೆ ದೊಡ್ಡ ವೈರಿ ಅಂದರೆ ಸೆಕೆ. ಹೌದು, ಸೆಕೆ. ಅಲ್ಲಿನ ಸಮುದ್ರದ ನೀರು ಉಪ್ಪಿನ ಕಾರಣ ಸೊನ್ನೆಯ ಕೆಳಗೆ ಸುಮಾರು 1.8 ಡಿಗ್ರಿ ಸೆಲ್ಸಿಯಸ್‌ಗೆ ಹೆಪ್ಪುಗಟ್ಟುತ್ತದೆ. ಆ ಪಾಚಿಗಳು ಬದುಕುವುದು ಅದರ ಆಸುಪಾಸಿನಲ್ಲಿ. ನಮಗೆ ಹಿತ ಅನ್ನಿಸುವ 20 ಡಿಗ್ರಿ ಪ್ರಯೋಗಾಲಯ ಅವಕ್ಕೆ ಕುಲುಮೆ. ಬಾಟಲಿ, ಪಿಪೆಟ್, ಮಣಿ ಬೆರೆಸುವ ದ್ರಾವಣ ಎಲ್ಲವನ್ನೂ ಮೊದಲೇ ತಣ್ಣಗೆ ಮಾಡಿಟ್ಟುಕೊಂಡು, ಸೊನ್ನೆ ಡಿಗ್ರಿಯ ಕೋಣೆಯಲ್ಲಿ, ಎರಡು ಜೊತೆ ಕೈಗವಸು ಹಾಕಿಕೊಂಡು, ತಾಸುಗಟ್ಟಲೆ ನಿಲ್ಲಬೇಕು. ಬೆಳಕು ಬೇಕಾದ ಬಾಟಲಿಗಳನ್ನು ಡೆಕ್ ಮೇಲಿನ ತೊಟ್ಟಿಯಲ್ಲಿಡುತ್ತಾರೆ. ಸಮುದ್ರದ ನೀರು ಅದರಲ್ಲಿ ಹರಿಯುತ್ತಿದ್ದರೆ ಉಷ್ಣತೆ ಸರಿ ಇರುತ್ತದೆ. ಪೈಪ್ ಹೆಪ್ಪುಗಟ್ಟಿ ಹರಿವು ನಿಂತರೆ ಪ್ರಯೋಗ ಅಲ್ಲಿಗೇ ಮುಗಿಯಿತು. ಹಾಗಾಗಿ ರಾತ್ರಿ ಪಾಳಿಯವರು ಎದ್ದು ಎದ್ದು ಪೈಪ್ ನೋಡಬೇಕು. ಹಡಗು ಐಸ್ ಒಡೆಯುವಾಗ ಇಡೀ ಮೈ ಗಡಗಡ ನಡುಗುತ್ತದೆ. ಆಗ ಸೂಕ್ಷ್ಮದರ್ಶಕದಲ್ಲಿ ಕೆಂಪು ಯಾವುದು, ಹಳದಿ ಯಾವುದು, ದೇವರೇ ಬಲ್ಲ. ಬಹುಪಾಲು ಎಣಿಕೆಯನ್ನು ಊರಿಗೇ ತರುವುದು ಅದಕ್ಕೇ.

ತರುವುದೂ ಸಲೀಸಲ್ಲ. ಡಿಎನ್ಎ ಫಿಲ್ಟರ್ ಸೊನ್ನೆಯ ಕೆಳಗೆ 80 ಡಿಗ್ರಿಯಲ್ಲಿರಬೇಕು, ಹಡಗಿನಿಂದ ಬಂದರಿಗೆ, ಬಂದರಿನಿಂದ ವಿಮಾನಕ್ಕೆ, ಅಲ್ಲಿಂದ ಪ್ರಯೋಗಾಲಯಕ್ಕೆ. ನಾನು ಓದುವ ಕಾಲದಲ್ಲಿ ಒಂದು ಲ್ಯಾಬಿನಲ್ಲಿ, ಹೆಸರು ಬೇಡ, ಯಾರೋ ಮೊಬೈಲ್ ಇಲ್ಲದ ಆ ದಿನಗಳಲ್ಲಿ ಇಸ್ತ್ರಿ ಪೆಟ್ಟಿಗೆಗೆ ಅಂತ ಫ್ರೀಜರಿನ ಪ್ಲಗ್ ಕಿತ್ತಿದ್ದರು. ಕಾಳಿ ನದಿಯ ಅಳಿವೆಯಲ್ಲಿ ಎಂಟು ತಿಂಗಳು ಕೂಡಿಸಿದ ನನ್ನ ಮಾದರಿಗಳು ಸೋಮವಾರ ಬೆಳಿಗ್ಗೆ ಸಾರಾಗಿದ್ದವು. ಅಂಗಿ ಮಾತ್ರ ಗರಿಗರಿಯಾಗಿತ್ತು ಅಂತ ಕೇಳಿದೆ. ಅದಕ್ಕೇ ಅವಳಿಗೆ ಹೇಳಿದ್ದು, ಪ್ರತಿ ಮಾದರಿಯನ್ನೂ ಎರಡು ಪಾಲು ಮಾಡು, ಎರಡು ಬೇರೆ ಫ್ರೀಜರಿನಲ್ಲಿಡು.

ಕಾಗದಪತ್ರದ ಕಥೆ ಬೇಗ ಮುಗಿಸುತ್ತೇನೆ, ಯಾಕಂದರೆ ಅದು ಎಲ್ಲ ಕಡೆ ಒಂದೇ. ಅರ್ಜಿಯಿಂದ ಹಡಗು ಹತ್ತುವವರೆಗೆ ಎರಡು ಮೂರು ವರ್ಷ ಹಿಡಿಯುವುದು ಸಾಮಾನ್ಯ. 2022ರ ಭಾರತೀಯ ಅಂಟಾರ್ಕ್ಟಿಕ್ ಕಾಯ್ದೆಯ ಪ್ರಕಾರ ಅನುಮತಿ ಬೇಕು. ದೇಶದ ತಂಡದಲ್ಲಿ ಅಂಟಾರ್ಕ್ಟಿಕಾ ನೆಲದ ಕೇಂದ್ರಗಳಿಗೆ ಹೋಗುವವರಿಗೆ ಮೈ ಪರೀಕ್ಷೆ, ಆಮೇಲೆ ಉತ್ತರಾಖಂಡದ ಔಲಿಯ ಹಿಮದಲ್ಲಿ ತರಬೇತಿ. ಬೂಟಿನ ಸಂದಿ, ಜೇಬಿನ ಮೂಲೆಯಲ್ಲಿ ನಮ್ಮೂರಿನ ಹುಲ್ಲಿನ ಬೀಜ ಇರಬಾರದು ಅಂತ ನಿರ್ವಾತ ಯಂತ್ರ ಹಿಡಿದು ಚೊಕ್ಕ ಮಾಡಿಸುತ್ತಾರೆ.

ಒಂದು ವಿಷಯ ಮಾತ್ರ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಆ ಹೊಳೆಯುವ ಮಣಿ ಪ್ಲಾಸ್ಟಿಕ್. 1991ರ ಮ್ಯಾಡ್ರಿಡ್ ಒಪ್ಪಂದದ ನಿಯಮದಂತೆ ಅಂಟಾರ್ಕ್ಟಿಕಾದ ಕಡಲಿಗೆ ಪ್ಲಾಸ್ಟಿಕ್ ಚೆಲ್ಲುವಂತಿಲ್ಲ. ಹಾಗಾದರೆ ಮಣಿ ಬೆರೆತ ನೀರನ್ನು ಏನು ಮಾಡುವುದು? ಕ್ಯಾನ್‌ಗಳಲ್ಲಿ ತುಂಬಿ ವಾಪಸ್ ತರಬೇಕು. ಒಂದು ಆಳಕ್ಕೆ 18 ಲೀಟರ್, ನಾಲ್ಕು ಆಳ, ಆರು ನಿಲುಗಡೆ. 432 ಲೀಟರ್! ಹೋಗುವಾಗ ಖಾಲಿ ಕ್ಯಾನ್‌ಗಳಿಗೆ ಜಾಗ, ಬರುವಾಗ ತುಂಬಿದ ಕ್ಯಾನ್‌ಗಳಿಗೆ ಜಾಗ. ಈ ಲೆಕ್ಕ ಬಿದ್ದ ಮೇಲೆ ಅವಳು ಬಾಟಲಿಯ ಅಳತೆಯನ್ನು ಒಂದು ಲೀಟರಿಗೆ ಇಳಿಸಿದಳು. ಮಣಿಯ ಬದಲು ಆದಷ್ಟೂ ಬಣ್ಣದ ಬ್ಯಾಕ್ಟೀರಿಯಾ ಅಂತ ಬರೆದಳು. ನೀರೂ ಉಳಿಯಿತು. ಎಣಿಸೋಕೆ ಕೋಶ ಸಾಕಾಗುತ್ತವೆಯೇ ಅನ್ನುವ ಹೊಸ ಚಿಂತೆಯೂ ಹುಟ್ಟಿತು. ಒಂದು ತುದಿ ಎಳೆದರೆ ಇನ್ನೊಂದು ತುದಿ ಜಗ್ಗುತ್ತದೆ, ಕೌದಿಯ ಹಾಗೆ.

ಕೊನೆಗೆ ಉಳಿದದ್ದು ಕತ್ತಲೆ. ಮೂರು ಬಾಟಲಿಗೆ ಪೂರ್ತಿ ಕತ್ತಲೆ ಬೇಕು ಅಂದೆನಲ್ಲ. ರಾತ್ರಿಯೂ ಪೂರ್ತಿ ಕತ್ತಲಾಗದ ಡೆಕ್ ಮೇಲೆ ಅದು ಸುಲಭ ಅಲ್ಲ. ಬೆಳ್ಳಿ ಹಾಳೆ ಸುತ್ತಿದರೆ ಹರಿಯುತ್ತದೆ. ಕಪ್ಪು ಪ್ಲಾಸ್ಟಿಕ್ ಚೀಲ ಚಳಿಗೆ ಸೆಟೆದು ಬಿರುಕು ಬಿಡಬಹುದು. ಚೂರು ಬೆಳಕು ಒಳಹೋದರೂ ಆ ಕೋಶ ತಿಂದು ಬದುಕಿತೋ, ಅಡುಗೆ ಮಾಡಿಕೊಂಡು ಬದುಕಿತೋ ಹೇಳಲಾಗದು. ಚೀಲ ಸುತ್ತಿ, ಅದರ ಮೇಲೆ ದಪ್ಪ ಬಟ್ಟೆಯ ಗವಸು ಹೊಲಿಸಬೇಕು ಅಂತ ತೀರ್ಮಾನ ಆಯಿತು.

ಮರುದಿನ ಹುಬ್ಬಳ್ಳಿಯ ದುರ್ಗದಬೈಲಿಗೆ ಹೋದೆವು. ಹಬ್ಬದ ಗದ್ದಲ. ಅಂಗಡಿಯವರು ಕಪ್ಪು ಬಟ್ಟೆಯ ನಾಲ್ಕು ಥಾನು ಹರಡಿದರು. ಅವಳು ಒಂದೊಂದನ್ನೂ ಎತ್ತಿ ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಮೊದಲನೆಯದರಲ್ಲಿ ಎಳೆಯ ಸಂದಿಯಿಂದ ಚುಕ್ಕೆ ಚುಕ್ಕೆ ಬೆಳಕು. ಎರಡನೆಯದರಲ್ಲೂ. ಮೂರನೆಯದನ್ನು ಮಡಚಿ ಎರಡು ಪದರ ಮಾಡಿ ಹಿಡಿದಳು. ಏನೂ ಕಾಣಲಿಲ್ಲ. ಮೊಬೈಲ್ ಟಾರ್ಚ್ ಹಚ್ಚಿ ಹಿಂದಿನಿಂದ ಹಿಡಿಯಿರಿ ಸರ್ ಅಂದಳು. ಹಿಡಿದೆ. ಒಂದು ಮೂಲೆಯಲ್ಲಿ ಸೂಜಿ ಮೊನೆಯಷ್ಟು ಬಿಳಿ ಚುಕ್ಕೆ.

"ಏನ್ ಹೊಲಸಾಕ ಬೇಕವ್ವಾ ಇದು? ಕಿಟಕಿ ಪಡದೆಕ್ಕೇನ?" ಅಂದರು ಅಂಗಡಿಯವರು.

"ಇಲ್ರಿ ಕಾಕಾ, ಬಾಟ್ಲಿಗೆ" ಅಂದಳು. "ಮೂರು ಪದರ ಮಾಡಬೇಕಾಗ್ತದ. ಆರು ಮೀಟರ್ ಹರೀರಿ."